ಎರಡೂಕಾಲು ಸೆಕೆಂಡು

ನಿಜಾಮುದ್ದೀನ್ ಎಡಗಣ್ಣು ಮುಚ್ಚಿ ಬಲಗಣ್ಣಿನಿಂದ ಗೋಡೆಯ ಕ್ಯಾಲೆಂಡರಿನಲ್ಲಿದ್ದ ಹದಿನಾರನೇ ತಾರೀಖನ್ನು ನೋಡಿದ. ಅದು ಇದ್ದಲ್ಲೇ ಇತ್ತು. ಬಲಗಣ್ಣು ಮುಚ್ಚಿ ಎಡಗಣ್ಣಿನಿಂದ ನೋಡಿದ. ಆಗಲೂ ಇತ್ತು, ಅಂಚು ಕೂಡ ಮಸುಕಾಗಿರಲಿಲ್ಲ. ಆರು ದಿನದಿಂದ ಬೆಳಿಗ್ಗೆ ಎದ್ದೊಡನೆ ಮಾಡಿಕೊಳ್ಳುತ್ತಿದ್ದ ಈ ಪರೀಕ್ಷೆಯಲ್ಲಿ ಆರು ದಿನವೂ ಅವನು ಪಾಸಾಗಿದ್ದ. ಪಾಸಾದಾಗಲೆಲ್ಲ, ಪಕ್ಕದವನ ಉತ್ತರ ಪತ್ರಿಕೆ ನೋಡಿ ಬರೆದೂ ಸಿಕ್ಕಿಬೀಳದ ಹುಡುಗನ ಮುಖ ಅವನಿಗೆ ಬರುತ್ತಿತ್ತು. ಇಪ್ಪತ್ತಾರು ವರ್ಷ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಕಲಿಸಿದ ಮೇಲೆ ಆ ಮುಖ ಹೇಗಿರುತ್ತದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

"ಏನ್ರೀ ಅದು, ಬೆಳ್ಳಂಬೆಳಿಗ್ಗೆ ಕ್ಯಾಲೆಂಡರಿಗೆ ಕಣ್ಣು ಹೊಡೀತಾ ನಿಂತಿದೀರಿ?" ಎಂದಳು ಹೆಂಡತಿ ಅಫ್ಸರ್ ಬಾನು. ಅವಳು ಟೇಬಲ್ಲಿನ ಮೇಲೆ ಅವನ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಳು. "ಅದ್ರಲ್ಲಿರೋದು ಗುಲಾಬಿ ಹೂ ಅಷ್ಟೇ. ಈ ವಯಸ್ಸಲ್ಲಿ ಹೂವಿಗಾದ್ರೂ ಹೊಡೀತೀರಲ್ಲ, ಶುಕ್ರ್ ಹೈ."

"ಬಿಳೀ ಅಂಗಿ ಬಿಟ್ರೆ ಬೇರೆ ಇಲ್ವಾ?"

"ಭಾಷಣ ಅಂದ್ಮೇಲೆ ಬಿಳೀದೇ. ಇರೋದೂ ಬಿಳೀದೇ. ಮದುವೆಯಾದಾಗಿಂದ ನೀವು ಬೇರೆ ಬಣ್ಣ ಹಾಕಿದ್ದು ನಾನಂತೂ ನೋಡಿಲ್ಲ."

ಇವತ್ತು ಅವನಿಗೆ ಎರಡು ಕೆಲಸಗಳಿದ್ದವು. ಹತ್ತೂವರೆಗೆ ತಿಪಟೂರಿನ ಸಭಾಂಗಣವೊಂದರಲ್ಲಿ, ದೊಡ್ಡ ದೇಶಗಳು ಒಂದರ ಉಪಗ್ರಹವನ್ನು ಇನ್ನೊಂದು ಲೇಸರಿನಿಂದ ಹೇಗೆ ಕುರುಡು ಮಾಡಬಹುದು ಎಂಬ ಬಗ್ಗೆ ಉಪನ್ಯಾಸ. ನಾಲ್ಕು ಗಂಟೆಗೆ, ತನ್ನ ಮನೆಯ ಹಿಂದಿನ ಗಂಗಣ್ಣನ ತೋಟಕ್ಕೆ ಹೋಗಿ, ಗಂಗಣ್ಣನ ಬಲಗಣ್ಣನ್ನು ಲೇಸರಿನಿಂದ ಸುಟ್ಟವರು ಯಾರು ಎಂದು ಪೊಲೀಸರಿಗೆ ಕೊಡುವ ಅರ್ಜಿಯನ್ನು ಮುಗಿಸಿಕೊಡುವುದು. ಅರ್ಜಿಯನ್ನು ಬರೆದವನೂ ಅವನೇ. "ನಾನು ಬರೆದ್ರೆ ಪೊಲೀಸ್ನೋರು ನಗ್ತಾರೆ ಮೇಷ್ಟ್ರೇ, ನೀವು ಬರೆದ್ರೆ ಸೈನ್ಸಾಯ್ತದೆ," ಎಂದಿದ್ದ ಗಂಗಣ್ಣ. ನಾಲ್ಕು ಸಲ ತಿದ್ದಿ ಬರೆದ ಆ ಹಾಳೆ ಈಗ ಮಡಿಸಿಕೊಂಡು ಮೇಜಿನ ಮೇಲೆ, ಇಸ್ತ್ರಿಯಾಗುವ ಜೇಬಿಗಾಗಿ ಕಾಯುತ್ತಿತ್ತು. ದಿನಾಂಕ ಹತ್ತರಂದು ಸಂಜೆ ಐದು ಗಂಟೆ ನಲವತ್ತು ನಿಮಿಷಕ್ಕೆ, ಪಶ್ಚಿಮ ದಿಕ್ಕಿನಿಂದ, ಸುಮಾರು ಐನೂರ ಮೂವತ್ತೆರಡು ನ್ಯಾನೋಮೀಟರ್ ತರಂಗಾಂತರದ ಹಸಿರು ಬೆಳಕು ಅರ್ಜಿದಾರರ ಬಲಗಣ್ಣಿನ ಅಕ್ಷಿಪಟಲದ ಮಧ್ಯಭಾಗಕ್ಕೆ ತಾಗಿದ್ದು, ಸದರಿ ಬೆಳಕನ್ನು ಹಾಯಿಸಿದವರು — ಇಲ್ಲಿ ಒಂದೂವರೆ ಅಂಗುಲ ಖಾಲಿ ಜಾಗ. ಸುಟ್ಟವನು ತಾನೇ ಎಂಬುದೊಂದನ್ನು ಬಿಟ್ಟರೆ ಆ ಅರ್ಜಿಯಲ್ಲಿ ಎಲ್ಲವೂ ಇತ್ತು.

ಸ್ಕೂಟರು ಬಿಳಿಗೆರೆ ರಸ್ತೆಯಿಂದ ಪೇಟೆಯ ಕಡೆಗೆ ತಿರುಗುವಾಗ ಎಡಗಡೆ ಗಂಗಣ್ಣನ ತೋಟ, ಅದರ ಆಚೆ ತಂತಿ ಬೇಲಿ, ಬೇಲಿಯ ಆಚೆ ವೆಂಕಟಯ್ಯನ ತೋಟ. ಎಲ್ಲ ಶುರುವಾದದ್ದು ಕೋತಿಗಳಿಂದ. ಎಳೆಗಾಯಿ ಕಚ್ಚಿ ಉದುರಿಸುತ್ತಿದ್ದ ನಲವತ್ತು ಕೋತಿಗಳ ಗುಂಪು ಬೇಲಿಗೆ ಬೆಲೆ ಕೊಡುತ್ತಿರಲಿಲ್ಲ. ಗಂಗಣ್ಣ ಪಟಾಕಿ ಹೊಡೆದ. ವೆಂಕಟಯ್ಯ ತನ್ನ ನಾಯಿಗೆ ಹುಲಿಪಟ್ಟೆ ಬಳಿದ. ನಾಯಿಗೆ ನಾಚಿಕೆಯಾಯಿತೇ ಹೊರತು ಕೋತಿಗಳಿಗೆ ಹೆದರಿಕೆಯಾಗಲಿಲ್ಲ. ಆಮೇಲೆ ಒಂದು ಸಂಜೆ ನಿಜಾಮುದ್ದೀನ್, ಮಕ್ಕಳಿಗೆ ನಕ್ಷತ್ರ ತೋರಿಸಲು ಇಟ್ಟುಕೊಂಡಿದ್ದ ಪೆನ್ನಿನಂಥ ಹಸಿರು ಲೇಸರನ್ನು ತಮಾಷೆಗೆಂದು ಗಂಗಣ್ಣನ ಮರದ ಕಡೆ ಹಾಯಿಸಿದ. ಕೋತಿಗಳು ಕಿರುಚಿಕೊಂಡು ಬೇಲಿ ಹಾರಿ ವೆಂಕಟಯ್ಯನ ತೋಟಕ್ಕೆ ಹೋದವು. ಒಂದು ವಾರ ಗಂಗಣ್ಣ ಆ ಪ್ರದೇಶದ ಏಕೈಕ ಮಹಾಶಕ್ತಿಯಾಗಿದ್ದ. ಒಂದು ಗೊನೆ ಎಳನೀರು ಮೇಷ್ಟರ ಮನೆಗೆ ಬಂತು. ಎಂಟನೇ ದಿನ ವೆಂಕಟಯ್ಯ ಎರಡು ಗೊನೆ ಹೊತ್ತು ತಂದು ಜಗಲಿಯ ಮೇಲಿಟ್ಟು, ಹೆಗಲ ಟವೆಲಿನಿಂದ ಬರಿಮೈ ಒರೆಸಿಕೊಂಡು, "ಮೇಷ್ಟ್ರೇ, ಅವನತ್ರ ಇರೋದಕ್ಕಿಂತ ಒಂದು ನೂಲು ದೊಡ್ಡದು ಯಾವ್ದು?" ಎಂದ.

ಹೇಳಬಾರದಿತ್ತು. ಆದರೆ ಇಪ್ಪತ್ತಾರು ವರ್ಷದಲ್ಲಿ ತಾವಾಗಿಯೇ ಬಂದು ಭೌತಶಾಸ್ತ್ರದ ಪ್ರಶ್ನೆ ಕೇಳಿದವರನ್ನು ಅವನು ಬೆರಳಲ್ಲಿ ಎಣಿಸಬಹುದಿತ್ತು. ಬೆಳಕಿನ ಶಕ್ತಿ ಎಂದರೇನು, ಕಿರಣ ದೂರ ಹೋದಂತೆ ಎಷ್ಟು ಅಗಲವಾಗುತ್ತದೆ ಎಂದು ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಿದ. ವೆಂಕಟಯ್ಯ ಯಾವ ವಿದ್ಯಾರ್ಥಿಯೂ ಕೂತಿರದಷ್ಟು ಶ್ರದ್ಧೆಯಿಂದ ಕೂತು ಕೇಳಿದ. ಬಸ್ ಸ್ಟ್ಯಾಂಡಿನ ಹತ್ತಿರ ಮೊಬೈಲ್ ಅಂಗಡಿ ಇಟ್ಟಿದ್ದ ಭಾವಮೈದುನ ರಯೀಸ್, ಅಲ್ಲಿಂದ ಮುಂದೆ ಇಬ್ಬರಿಗೂ ಸರದಿಯಂತೆ ಮಾರಿದ. ಗಂಗಣ್ಣನಿಗೆ ಟಾರ್ಚಿನಷ್ಟು ದಪ್ಪದ್ದು. ವೆಂಕಟಯ್ಯನಿಗೆ ಅದಕ್ಕಿಂತ ದೊಡ್ಡದು, ಬೀಗದ ಕೈ ತಿರುಗಿಸಿದರೆ ಹೊತ್ತುವಂಥದ್ದು. "ನಾನು ನ್ಯೂಟ್ರಲ್ ಭಾಯಿಜಾನ್," ಎನ್ನುತ್ತಿದ್ದ ರಯೀಸ್. "ಕಣ್ಣಿಗೆ ಬಿಡಬಾರದು ಅಂತ ಡಬ್ಬದ ಮೇಲೆ ಬರೆದೂ ಐತೆ. ಚೀನೀ ಭಾಷೇಲಿ." ಯಾರ ಬಳಿ ದೊಡ್ಡದು ಇರುತ್ತಿತ್ತೋ ಕೋತಿಗಳು ಅವರ ಎದುರಾಳಿಯ ತೋಟದಲ್ಲಿರುತ್ತಿದ್ದವು. ಇಬ್ಬರ ಬಳಿಯೂ ಸಮ ಇದ್ದ ಹತ್ತು ದಿನ ಅವು ನಿಜಾಮುದ್ದೀನನ ನೀರಿನ ಟ್ಯಾಂಕಿನ ಮುಚ್ಚಳ ತೆಗೆದು ಸ್ನಾನ ಮಾಡಿದವು. ಎರಡೂ ಕಡೆಯವರು ತನ್ನನ್ನು ಕೇಳಿಯೇ ಹೆಜ್ಜೆಯಿಡುತ್ತಾರೆಂಬ ಸುಖ ಎಷ್ಟು ದೊಡ್ಡದಾಗಿತ್ತೆಂದರೆ, ಒಂದು ದಿನ ಗಂಗಣ್ಣ "ಅವನ ಬೆಳಕು ನಮ್ಮ ಕಡೆ ಬರದಂಗೆ ಏನಾನ ಮಾಡಕಾಯ್ತದಾ?" ಎಂದು ಕೇಳಿದಾಗ, ಉಪಗ್ರಹಗಳಿಗೆ ಇಂಥದ್ದೇ ರಕ್ಷಣೆ ಯೋಚಿಸುತ್ತಾರೆ ಎಂದು ಸುತ್ತಿ ಬಳಸಿ ಹೇಳಿ, ಕೊನೆಗೆ ನಗುತ್ತಾ, "ಮರದ ತುದಿಗೆ ಒಂದು ಕನ್ನಡಿ ಕಟ್ಟಿ ಗಂಗಣ್ಣ, ಬಂದ ಬೆಳಕು ಅವರಿಗೇ ವಾಪಸ್ ಹೋಗ್ತದೆ," ಎಂದುಬಿಟ್ಟಿದ್ದ. ತಮಾಷೆ ಮಾಡುವವನು ಎಂಬ ಹೆಸರು ತನಗೆ ಊರಲ್ಲಿ ಇಲ್ಲ ಎಂಬುದು ಆಗ ನೆನಪಾಗಿರಲಿಲ್ಲ.

ಹತ್ತನೇ ತಾರೀಖು ಸಂಜೆ ವೆಂಕಟಯ್ಯನ ತಾರಸಿ. ನಿಜಾಮುದ್ದೀನನ ಕೈಯಲ್ಲಿ ವೆಂಕಟಯ್ಯನ ಹೊಸ ಲೇಸರ್ ಟಾರ್ಚು, ಮೊಣಕೈ ಉದ್ದದ್ದು. "ಎಲ್ಲಿಗಂಟ ಹೊಡೀತದೆ ನೋಡ್ತಿರಿ ಮೇಷ್ಟ್ರೇ, ಎಳನೀರು ಕೆತ್ತಿ ತತ್ತೀನಿ," ಎಂದು ವೆಂಕಟಯ್ಯ ಮೆಟ್ಟಿಲಿಳಿದ. ಬೇಲಿಯ ಆಚೆ, ದೂರದ ಒಂದು ಮರದ ಗರಿಗಳ ನಡುವೆ ಕಪ್ಪಗೆ ಏನೋ ಕದಲಿತು. ನಿಜಾಮುದ್ದೀನ್ ಎರಡೂ ಕೈಯಲ್ಲಿ ಟಾರ್ಚು ಹಿಡಿದು, ಉಸಿರು ಬಿಗಿಹಿಡಿದು, ಗುಂಡಿ ಒತ್ತಿದ. ಮರದ ತುದಿಯಲ್ಲಿ ಹಸಿರು ಬೆಂಕಿಯಂಥದ್ದು ಒಮ್ಮೆ ಹೊಳೆದು ಒಡೆಯಿತು. ಎಂಥ ಗುರಿ ಎಂದುಕೊಂಡ. ನಾಚಿಕೆಯಾಗುವಷ್ಟು ಸಂತೋಷವಾಯಿತು. ಆಮೇಲೆ ಗಾಜು ಒಡೆದ ಶಬ್ದ ಬಂತು. ಆ ಮರ ಹದಿನೈದು ಮೀಟರ್ ಎತ್ತರ. ಕನ್ನಡಿ ನೆಲ ಮುಟ್ಟಲು ಒಂದೂಮುಕ್ಕಾಲು ಸೆಕೆಂಡು, ಶಬ್ದ ತಾರಸಿಯವರೆಗೆ ಬರಲು ಅರ್ಧ ಸೆಕೆಂಡು. ಒಟ್ಟು ಎರಡೂಕಾಲು ಸೆಕೆಂಡು ಅವನು ನಿರಪರಾಧಿಯಾಗಿದ್ದ. ಇದನ್ನು ಅವನು ಆರು ದಿನದಲ್ಲಿ ಹಲವು ಸಲ ಲೆಕ್ಕ ಹಾಕಿದ್ದ, ಒಮ್ಮೆಯೂ ಹೆಚ್ಚಾಗಲಿಲ್ಲ. ಕೋತಿಗಳು ಕನ್ನಡಿ ಹಿಡಿದು ಮರ ಹತ್ತುವುದಿಲ್ಲ ಎಂಬುದು ಮೂರನೇ ಸೆಕೆಂಡಿಗೆ ಗೊತ್ತಾಗಿತ್ತು. ಕಪ್ಪು ಆಕಾರ ಕಾಂಡವನ್ನು ತಬ್ಬಿಕೊಂಡು ನಿಧಾನವಾಗಿ, ಬಹಳ ನಿಧಾನವಾಗಿ ಇಳಿಯತೊಡಗಿತು. ವೆಂಕಟಯ್ಯ ಎಳನೀರು ತಂದಾಗ ಅವನು ಟಾರ್ಚನ್ನು ತಾರಸಿಯ ಕಟ್ಟೆಯ ಮೇಲಿಟ್ಟು ಬೆನ್ನು ತಿರುಗಿಸಿ ನಿಂತಿದ್ದ. "ಎಲ್ಲಿಗಂಟ ಹೋಯ್ತು?" "ಬ್ಯಾಟರಿ ವೀಕು. ಬೇಲಿ ಕೂಡ ದಾಟಲ್ಲ." ಎಳನೀರು ಸಿಹಿಯಾಗಿತ್ತು, ಪೂರ್ತಿ ಕುಡಿದ.

ಸಭಾಂಗಣದ ಮುಂದೆ ಫ್ಲೆಕ್ಸ್ ಕಟ್ಟಿದ್ದರು. ಆಕಾಶದಲ್ಲಿ ಬೆಳಕಿನ ಯುದ್ಧ, ಉಪನ್ಯಾಸ, ಪ್ರೊ. ನಿಜಾಮುದ್ದೀನ್, ಬಾಹ್ಯಾಕಾಶ ವಿಜ್ಞಾನಿಗಳು. ಒಂದು ಕಡೆ ಕ್ಷಿಪಣಿ, ಇನ್ನೊಂದು ಕಡೆ ಉಪಗ್ರಹ, ನಡುವೆ ಅವನ ಆಧಾರ್ ಕಾರ್ಡಿನ ಫೋಟೋ. ಉಪನ್ಯಾಸ ಏರ್ಪಡಿಸಿದ್ದ ಸಂಘದ ಅಧ್ಯಕ್ಷ, ಟೈರ್ ಅಂಗಡಿಯ ಉಮರ್ ಫಾರೂಖ್, ಬಾಗಿಲಲ್ಲೇ ಕೈಕುಲುಕಿದ.

"ನಾನು ವಿಜ್ಞಾನಿ ಅಲ್ಲ, ಪ್ರೊಫೆಸರೂ ಅಲ್ಲ."

"ಇರ್ಲಿ ಬುಡಿ ಸರ್. ಲೆಕ್ಚರರ್ ಅಂತ ಹಾಕಿದ್ರೆ ನಿಮ್ಮ ಹಳೇ ಸ್ಟೂಡೆಂಟ್ಸೇ ಬರಲ್ಲ."

ಎಂಬತ್ತು ಜನ ಇದ್ದರು. ಮುಂದಿನ ಸಾಲಿನಲ್ಲಿ ಕೊಬ್ಬರಿ ವ್ಯಾಪಾರಿಗಳು, ಹಿಂದೆ ಹಾಜರಾತಿಗಾಗಿ ಕರೆತಂದ ಕಾಲೇಜು ಹುಡುಗಿಯರು. ನಿಜಾಮುದ್ದೀನ್ ಪರದೆಯ ಮೇಲೆ ಚಿತ್ರಗಳನ್ನು ತೋರಿಸುತ್ತಾ ಹೋದ. ಚೀನಾ ಎರಡು ಸಾವಿರದ ಏಳರಲ್ಲಿ ಒಂದು ಉಪಗ್ರಹ ಒಡೆಯಿತು. ಮರುವರ್ಷ ಅಮೆರಿಕ ಒಂದು ಒಡೆಯಿತು. ಹತ್ತೊಂಬತ್ತರಲ್ಲಿ ನಾವು — ಇಲ್ಲಿ ಚಪ್ಪಾಳೆ — ಇಪ್ಪತ್ತೊಂದರಲ್ಲಿ ರಷ್ಯಾ. ನಾಲ್ಕು ದೇಶಗಳೂ ಒಡೆದದ್ದು ತಮ್ಮ ತಮ್ಮ ಉಪಗ್ರಹವನ್ನೇ, ಎದುರಿನವನು ನೋಡಲಿ ಎಂದು, ಎಂದ. ಯಾರೂ ನಗಲಿಲ್ಲ, ಮುಂದಿನ ಸಾಲಿನವರು ಅದು ಸರಿಯಾದ ಕ್ರಮವೇ ಎಂಬಂತೆ ತಲೆಯಾಡಿಸಿದರು. ಒಡೆದರೆ ಚೂರುಗಳು ವರ್ಷಾನುಗಟ್ಟಲೆ ಸುತ್ತುತ್ತವೆ, ಎಲ್ಲರಿಗೂ ಕಾಣುತ್ತದೆ, ಹೆಸರು ಕೆಡುತ್ತದೆ. ಆದ್ದರಿಂದ ಈಗಿನ ಆಸಕ್ತಿ ಲೇಸರಿನ ಮೇಲೆ. ಲೇಸರಿನಲ್ಲಿ ಚೂರಿಲ್ಲ, ಶಬ್ದವಿಲ್ಲ. ಉಪಗ್ರಹದ ಕ್ಯಾಮೆರಾಗೆ ಸ್ವಲ್ಪ ಹೊತ್ತು ಮಂಕು ಕವಿಸಬಹುದು. ಇನ್ನಷ್ಟು ಶಕ್ತಿ ಹಾಕಿದರೆ ಶಾಶ್ವತವಾಗಿ — ಮೇಜಿನ ಮೇಲಿನ ಲೋಟ ಎತ್ತಿದ. ಎಲ್ಲಿ ನೋಡಿದರೂ ನಡುಮಧ್ಯೆ ಒಂದು ಹೊಗೆಗುಂಡು ಕೂತಿದೆ ಎಂದಿದ್ದ ಗಂಗಣ್ಣ, ಆಸ್ಪತ್ರೆಯಿಂದ ನೇರ ನಿಜಾಮುದ್ದೀನನ ಜಗಲಿಗೇ ಬಂದು. ಡಾಕ್ಟರು ಕಣ್ಣಿನೊಳಗಿನ ಫೋಟೋ ತೆಗೆದು, ಸೂಜಿತಲೆಯಷ್ಟು ಸುಟ್ಟಿದೆ, ಒಂದಿಷ್ಟು ಸುಧಾರಿಸಬಹುದು, ಪೂರ್ತಿ ಬರುವುದಿಲ್ಲ ಎಂದಿದ್ದರಂತೆ. "ಎಡಗಣ್ಣು ಮುಚ್ಕೊಂಡು ತಿಮ್ಮಕ್ಕನ್ನ ನೋಡಿದ್ರೆ ಕಿವಿಯೋಲೆ ಎರಡೂ ಅವೆ, ಮುಖಾನೇ ಇಲ್ಲ ಮೇಷ್ಟ್ರೇ. ಮದ್ವೆಯಾಗಿ ಮೂವತ್ತು ವರ್ಷ ಆದ್ಮೇಲೆ ಅದೇನು ದೊಡ್ಡ ಲಾಸಲ್ಲ ಬುಡಿ," ಎಂದು ನಕ್ಕಿದ್ದ. ಆಮೇಲೆ ನಗು ನಿಲ್ಲಿಸಿ, ನಿನ್ನೆ ಮರ ಹತ್ತಲು ಹೋದೆ, ಗರಿಯ ಬುಡ ಹಿಡಿದೆ ಅಂದುಕೊಂಡರೆ ಕೈ ಬರೀ ಗಾಳಿಯಲ್ಲಿತ್ತು, ಎಂದಿದ್ದ.

"ಶಾಶ್ವತವಾಗಿ ಕುರುಡು ಮಾಡಬಹುದು," ಎಂದು ಮುಗಿಸಿದ.

ಮುಂದಿನ ಸಾಲಿನ ಒಬ್ಬ ಮುದುಕ ವ್ಯಾಪಾರಿ ಕೈಯೆತ್ತಿದ. "ಸಾ, ಈಗ ನಮ್ಮದೊಂದು ಉಪಗ್ರಹದ ಕಣ್ಣು ಹೋಯ್ತು ಅನ್ನಿ. ಯಾರು ಮಾಡಿದ್ರು ಅಂತ ಹೆಂಗೆ ಗೊತ್ತಾಯ್ತದೆ?"

"ಕಷ್ಟ. ಬೆಳಕು ಬಂದ ದಿಕ್ಕನ್ನು ಅಂದಾಜು ಮಾಡಬಹುದು. ಆದರೆ ಕೆಟ್ಟದ್ದು ತಾನಾಗಿಯೇ ಕೆಟ್ಟಿತು ಅಂತ ಎದುರಿನವರು ಹೇಳಬಹುದು. ಖಚಿತವಾಗಬೇಕಾದರೆ ಮಾಡಿದವರೇ ಬಂದು ಹೇಳಬೇಕು."

ಇಡೀ ಸಭೆ ನಕ್ಕಿತು. ಸಂಜೆಯವರೆಗೂ ನೆನಪಿರುವಂಥ ನಗು. "ಅಂಥ ಹರಿಶ್ಚಂದ್ರ ಯಾವನು ಅವ್ನೆ ಬುಡಿ ಸಾ!" ಎಂದ ಮುದುಕ, ಕಣ್ಣೊರೆಸಿಕೊಳ್ಳುತ್ತಾ. ತನ್ನ ಮಾತಿಗೆ ಸಭೆ ನಕ್ಕದ್ದು ಅದೇ ಮೊದಲಾದ್ದರಿಂದ ನಿಜಾಮುದ್ದೀನನೂ ನಕ್ಕ, ನಕ್ಕದ್ದು ಗೊತ್ತಾಗಿ ನಿಲ್ಲಿಸಿದ. ಕೊನೆಯಲ್ಲಿ, ಯಾರು ಮಾಡಿದರೆಂದು ತಿಳಿದರೂ ಕೆಲವು ಸಲ ದೇಶಗಳು ಬಹಿರಂಗ ಮಾಡುವುದಿಲ್ಲ, ಕಡತವನ್ನು ತಮ್ಮಲ್ಲಿ ಇಟ್ಟುಕೊಂಡಿರುತ್ತವೆ, ಕಡತ ಇದೆ ಎಂಬ ಹೆದರಿಕೆಯೇ ಶಾಂತಿಯನ್ನು ಕಾಯುತ್ತದೆ ಎಂದಾಗ ದೊಡ್ಡ ಚಪ್ಪಾಳೆ ಬಿತ್ತು. ಉಮರ್ ಫಾರೂಖ್ ಶಾಲು ಹೊದಿಸಿದ. ಶಾಲಿನ ಜೊತೆ ಒಂದು ತೆಂಗಿನಕಾಯಿ. ಫೋಟೋಗೆ ನಿಲ್ಲುವಾಗ ಅರ್ಜಿ ಎದೆಗೆ ಒತ್ತಿತು.

ಇಳಿಬಿಸಿಲಿನಲ್ಲಿ ಸ್ಕೂಟರು ತಳ್ಳಿಕೊಂಡು ಗಂಗಣ್ಣನ ತೋಟದೊಳಗೆ ಹೋಗುವಾಗ ಅವನಿಗೆ ಹೇಳದೆ ಇರಲು ಒಂದು ಒಳ್ಳೆಯ ಕಾರಣ ಇತ್ತು. ಅದನ್ನು ಅವನು ಆರು ದಿನದಿಂದ ಸಿದ್ಧಪಡಿಸಿ, ಎಲ್ಲ ಕಡೆಯಿಂದ ಉಜ್ಜಿ ಹೊಳಪು ಕೊಟ್ಟಿಟ್ಟಿದ್ದ. ಇಬ್ಬರು ತೋಟದವರ ನಡುವಿನ ಕೋತಿಜಗಳ ತನ್ನ ಹೆಸರು ಬಂದೊಡನೆ ಬೇರೆ ಜಗಳವಾಗುತ್ತದೆ. ನಿಜಾಮುದ್ದೀನ್ ಎಂಬವನು ಗಂಗಣ್ಣ ಎಂಬವನ ಕಣ್ಣು ಸುಟ್ಟ ಎಂಬ ಒಂದು ಸಾಲು ಸಾಕು, ಮೊಬೈಲಿನಿಂದ ಮೊಬೈಲಿಗೆ ಹೋಗಿ ಚಿಕ್ಕನಾಯಕನಹಳ್ಳಿ ತಲುಪುವಷ್ಟರಲ್ಲಿ ಅದು ಏನಾಗಿರುತ್ತದೋ. ಊರಿನ ಶಾಂತಿಗಾಗಿ ತಾನು ಸುಮ್ಮನಿರಬೇಕು. ಕಾರಣ ಸುಳ್ಳಾಗಿರಲಿಲ್ಲ. ಆದರೆ ಅದು ಅವನಿಗೆ ಹೊಳೆದದ್ದು ಎರಡನೇ ದಿನ. ಮೊದಲನೇ ದಿನ ಯಾವ ಕಾರಣವೂ ಇಲ್ಲದೆ ಸುಮ್ಮನಿದ್ದ. ಆ ಒಂದು ದಿನದ ಅಂತರವನ್ನು ಅವನಂಥ ಲೆಕ್ಕದ ಮನುಷ್ಯ ಮರೆಯಲು ಸಾಧ್ಯವಿರಲಿಲ್ಲ. ನಿನ್ನೆ ವೆಂಕಟಯ್ಯ ಬೇಲಿಯ ಹತ್ತಿರ ಸಿಕ್ಕಿದಾಗ ಕೈಹಿಡಿದುಕೊಂಡು, "ನೀವೇ ಹೇಳಿ ಮೇಷ್ಟ್ರೇ, ನನ್ ಟಾರ್ಚು ಬೇಲೀನೂ ದಾಟಲ್ಲ ಅಂತ ನೀವೇ ಅಂದಿದ್ರಲ್ಲ, ನಾಳೆ ಅವನ ಮುಂದೆ ಅಷ್ಟು ಹೇಳ್ಬುಡಿ, ನಾನು ಉಳ್ಕೊತೀನಿ," ಎಂದಿದ್ದ. ಹೀಗೆ ಅವನು ಎರಡೂ ಕಡೆಗೂ ಸಾಕ್ಷಿಯಾಗಿದ್ದ.

ಅಂಗಳದಲ್ಲಿ ತಿಮ್ಮಕ್ಕ ಹುಣಸೆಹಣ್ಣು ಬಿಡಿಸುತ್ತಿದ್ದಳು. "ಬನ್ನಿ ಮೇಷ್ಟ್ರೇ. ಅರ್ಜೀಲಿ ನನ್ ಕನ್ನಡೀನೂ ಸೇರ್ಸಿ. ಬೀರುವಿಂದ ಬಿಚ್ಕೊಂಡು ಹೋಗವ್ನೆ ಮನೆಹಾಳ. ಇನ್ನ ಅವನಿಗೆ ಒಂದು ಕಣ್ಣಾನ ಐತೆ, ನಂಗೆ ಬೈತಲೆ ತೆಕ್ಕಳಕೆ ಏನೈತೆ?"

ಗಂಗಣ್ಣ ಕಾಯಿ ಅಟ್ಟದ ಕೆಳಗೆ ನೆರಳಿನಲ್ಲಿ ಕೂತಿದ್ದ. ಮೇಲೆ ಬಿದಿರು ಹಾಸಿನ ಮೇಲೆ ಕಾಯಿಗಳು ಹನ್ನೊಂದು ತಿಂಗಳಿಂದ ಯಾರೂ ಮುಟ್ಟದೆ ಒಣಗುತ್ತಾ ಬಿದ್ದಿದ್ದವು. ಇಳಿಸಿದ ರಾಶಿಯಿಂದ ಒಂದೊಂದನ್ನೇ ಎತ್ತಿ ಕಿವಿಯ ಹತ್ತಿರ ಕುಲುಕುತ್ತಿದ್ದ. ಒಳಗೆ ನೀರು ಬತ್ತಿ ಕೊಬ್ಬರಿ ಚಿಪ್ಪು ಬಿಟ್ಟಿದ್ದರೆ ಲೊಟಲೊಟ ಎನ್ನುತ್ತದೆ. ಆಗ ಮಾತ್ರ ಒಡೆಯಬಹುದು. ಅವಸರಪಟ್ಟು ಒಡೆದರೆ ಉಂಡೆ ಕೊಬ್ಬರಿ ಆಗುವುದಿಲ್ಲ, ಇಡೀ ಕಾಯಿ ಹಾಳು.

"ಬನ್ನಿ, ಕೂತ್ಕಳಿ. ಬಿಳೀ ಅಂಗೀನೇ ಇವತ್ತೂವೆ," ಎಂದ ಗಂಗಣ್ಣ. "ಈ ಕೆಲಸಕ್ಕೆ ಕಣ್ಣು ಬ್ಯಾಡ ನೋಡಿ, ಅದೊಂದು ಪುಣ್ಯ. ಓದಿ."

ನಿಜಾಮುದ್ದೀನ್ ಹಾಳೆ ಬಿಚ್ಚಿ ಓದಿದ. ನಲವತ್ತು ನಿಮಿಷ, ಪಶ್ಚಿಮ, ನ್ಯಾನೋಮೀಟರ್. ಗಂಗಣ್ಣ ಪ್ರತಿ ಪದಕ್ಕೂ ಒಂದೊಂದು ಕಾಯಿ ಕುಲುಕಿ ಎಡಕ್ಕೋ ಬಲಕ್ಕೋ ಹಾಕುತ್ತಿದ್ದ. ಓದು ಖಾಲಿ ಜಾಗಕ್ಕೆ ಬಂದು ನಿಂತಿತು.

"ಹೆಸ್ರು?"

"ಅದು, ಬೆಳಕಿನ ಮೂಲವನ್ನು ಖಚಿತವಾಗಿ ಹೇಳಬೇಕಾದರೆ, ಗಂಗಣ್ಣ, ಕೋನ ನೋಡಬೇಕು. ನಿಮ್ಮ ಕೈಲಿದ್ದ ಕನ್ನಡಿ ಎಷ್ಟು ವಾಲಿತ್ತು, ಪ್ರತಿಫಲನ ಆಗಿ ಬಂತೋ, ನೇರವಾಗಿ..."

ಗಂಗಣ್ಣ ಕೈಲಿದ್ದ ಕಾಯಿ ಕೆಳಗಿಟ್ಟ. "ಮೇಷ್ಟ್ರೇ, ಇಲ್ನೋಡಿ." ಎಡಗೈಯ ಅಂಗೈಯಿಂದ ತನ್ನ ಎಡಗಣ್ಣನ್ನು ಪೂರ್ತಿ ಮುಚ್ಚಿಕೊಂಡು, ಸುಟ್ಟ ಬಲಗಣ್ಣನ್ನು ನಿಜಾಮುದ್ದೀನನ ಕಡೆ ತಿರುಗಿಸಿದ. ಹೊರಗಿನಿಂದ ಆ ಕಣ್ಣಿಗೆ ಏನೂ ಆಗಿರಲಿಲ್ಲ. ತೇವವಾಗಿ, ಕಪ್ಪಾಗಿ, ತೆರೆದೇ ಇತ್ತು. "ಈಗ ನಿಮ್ ಮುಖ ಇಲ್ಲ. ಕಿವಿ ಎರಡು ಅವೆ, ಅಂಗಿ ಐತೆ. ಮುಖ ಕಾಣಂಗಿಲ್ಲ ನಂಗೆ. ಈಗ ಹೇಳಿ."

ತೋಟದಲ್ಲಿ ಎಲ್ಲೋ ಒಂದು ಒಣಗರಿ ಕಳಚಿ ಬಿದ್ದ ಸದ್ದು. ಇಷ್ಟು ವರ್ಷ ಮಕ್ಕಳ ಮುಂದೆ, ಇವತ್ತು ಎಂಬತ್ತು ಜನರ ಮುಂದೆ ನಿಂತು ಮಾತಾಡಿದವನಿಗೆ ಮುಖವಿಲ್ಲದೆ ಮಾತಾಡುವುದು ಇಷ್ಟು ಹಗುರ ಎಂದು ಗೊತ್ತಿರಲಿಲ್ಲ.

"ಟಾರ್ಚು ನನ್ನ ಕೈಲಿತ್ತು ಗಂಗಣ್ಣ. ವೆಂಕಟಯ್ಯ ಕೆಳಗೆ ಹೋಗಿದ್ರು. ಕೋತಿ ಅಂದ್ಕೊಂಡೆ. ಆಮೇಲೆ ಕನ್ನಡಿ ಒಡೆದದ್ದು ಕೇಳಿಸ್ತು. ಆಗ್ಲೇ ಗೊತ್ತಾಯ್ತು. ಗೊತ್ತಾಗಿಯೂ ಎಳನೀರು ಕುಡಿದು ಮನೆಗೆ ಹೋದೆ."

ಗಂಗಣ್ಣ ಅಂಗೈ ತೆಗೆಯಲಿಲ್ಲ. ಬಲಗೈಯಿಂದ ಒಂದು ಕಾಯಿ ಎತ್ತಿ, ಅಭ್ಯಾಸದಂತೆ ಕಿವಿಗೆ ಹಿಡಿದು ಕುಲುಕಿ ಬಲಕ್ಕೆ ಹಾಕಿದ.

"ಗೊತ್ತು."

"ಗೊತ್ತಿತ್ತಾ?"

"ಬೆಳಕು ಬರಕೆ ಮುಂಚೆ ತಾರಸಿ ಮೇಲೆ ಬಿಳೀ ಅಂಗಿ ಕಂಡಿತ್ತು. ಆ ವೆಂಕಟಯ್ಯ ಅಂಗಿ ತೊಟ್ಟಿದ್ದು ಅವನ ಮದ್ವೇಲಿ ಒಂದೇ ಸಲ. ಅದೂ ಅವನ ಮಾವಂದು."

"ಮತ್ತೆ ನನ್ನ ಹತ್ರ ಯಾಕೆ ಅರ್ಜಿ ಬರೆಸಿದ್ರಿ?"

"ಬರೀತಾ ಬರೀತಾ ಬಾಯ್ಬುಡ್ತೀರೇನೋ ಅಂತ. ಆರು ದಿನ ಬಾಗ್ಲು ನೋಡ್ದೆ ಮೇಷ್ಟ್ರೇ, ಇವತ್ ಬತ್ತಾರೆ, ನಾಳೆ ಬತ್ತಾರೆ." ಗಂಗಣ್ಣ ಈಗ ಅಂಗೈ ತೆಗೆದ. ನಿಜಾಮುದ್ದೀನನಿಗೆ ತನ್ನ ಮುಖ ಮರಳಿ ಬಂದು ಕುತ್ತಿಗೆಯ ಮೇಲೆ ಕೂತಂತಾಯಿತು; ಅದನ್ನು ಎಲ್ಲಿಡುವುದೆಂದು ತಿಳಿಯದೆ ಹಾಳೆಯ ಮೇಲೆ ಬಾಗಿದ. "ಇರ್ಲಿ. ಈಗ ಆ ಜಾಗದಲ್ಲಿ ವೆಂಕಟಯ್ಯನ ಹೆಸ್ರು ಬರೀರಿ."

"ವೆಂಕಟಯ್ಯನದ್ದಾ? ನಾನು ಅಂತ ಈಗಷ್ಟೇ ಹೇಳಿದೆನಲ್ಲ."

"ನೀವಂದಿದ್ದು ನಿಮ್ಗೂ ನಂಗೂ. ಅದು ಇಲ್ಲೇ ಇರ್ಲಿ. ಅರ್ಜಿ ನಾನೇನು ಸ್ಟೇಷನ್ನಿಗೆ ಕೊಡಲ್ಲ. ಅಟ್ಟದ ಮೇಲೆ ಹಾಕ್ತೀನಿ. ಹನ್ನೊಂದು ತಿಂಗ್ಳು ಅಲ್ಲಿರ್ಲಿ, ಯಾರೂ ಮುಟ್ಟದು ಬ್ಯಾಡ. ಅರ್ಜಿ ಐತೆ ಅಂತ ಅವನಿಗೆ ಗೊತ್ತಿದ್ರೆ ಆತು, ಆ ಟಾರ್ಚ್ ಮುಟ್ಟಲ್ಲ ಅವ್ನು. ಕೋತಿ ಎಲ್ಲಾ ಆ ಕಡೆಗೇ ಇರ್ತವೆ. ನಂಗೆ ಮರ ಹತ್ತಕಾಗಲ್ಲ, ಕಾಯಾದ್ರೂ ಉಳೀಬೇಕಲ್ವಾ?"

ಕಡತ ಇದೆ ಎಂಬ ಹೆದರಿಕೆಯೇ ಶಾಂತಿಯನ್ನು ಕಾಯುತ್ತದೆ. ಬೆಳಿಗ್ಗೆ ಈ ಮಾತಿಗೇ ಶಾಲು ಹೊದಿಸಿದ್ದರು. ಇಲ್ಲಿ ಹುಣಸೆಹಣ್ಣಿನ ವಾಸನೆಯ ಅಂಗಳದಲ್ಲಿ, ಆ ಉಪನ್ಯಾಸಕ್ಕೆ ಬಾರದ ಒಬ್ಬ ಮನುಷ್ಯ ಅದನ್ನು ತನ್ನಷ್ಟಕ್ಕೆ ಕಂಡುಹಿಡಿದಿದ್ದ, ಚಿತ್ರಗಳಿಲ್ಲದೆ, ಅಟ್ಟವೊಂದನ್ನು ನೋಡಿಕೊಂಡೇ. ಅದಕ್ಕಿಂತ ಕೆಟ್ಟದ್ದೆಂದರೆ, ಒಪ್ಪಿಕೊಂಡಾಗ ಹಗುರಾದ ಎದೆ ಈಗ ಒಂದು ಗಳಿಗೆ ಇನ್ನಷ್ಟು ಹಗುರಾದದ್ದು. ಯಾರಿಗೂ ಗೊತ್ತಾಗುವುದಿಲ್ಲ. ಹೇಳಿದ ಪುಣ್ಯವೂ ಸಿಕ್ಕಿತು, ಹೇಳದ ಸುರಕ್ಷೆಯೂ ಉಳಿಯಿತು. ಪೆನ್ನಿನ ಕ್ಯಾಪು ತೆಗೆದ. 'ವೆ' ಎಂಬ ಅಕ್ಷರಕ್ಕೆ ಕೈ ಸಿದ್ಧವಾಗಿತ್ತು.

"ಮೇಷ್ಟ್ರು ಬಂದವ್ರಾ?" ಬೇಲಿಯ ಕಡೆಯಿಂದ ವೆಂಕಟಯ್ಯನ ದನಿ. ಬರಿಮೈ, ಹೆಗಲ ಮೇಲೆ ಟವೆಲು, ಕೈಯಲ್ಲಿ ಒಂದು ಗೊನೆ ಎಳನೀರು. ಸಾಕ್ಷಿ ಹೇಳಲು ಬಂದ ಮೇಷ್ಟರಿಗೆಂದು ತಂದದ್ದು. ಅಂಗಳಕ್ಕೆ ಬರದೆ, ಅವಮಾನವಾಗದಷ್ಟು ದೂರದಲ್ಲಿ, ಒಂದು ಮರಕ್ಕೆ ಒರಗಿ ನಿಂತ. ಅವನ ಕಣ್ಣುಗಳು ಕೆಂಪಾಗಿದ್ದವು. ಆರು ದಿನದಿಂದ ಅವನೂ ನಿದ್ದೆ ಮಾಡಿರಲಿಲ್ಲವೆಂದು ಕಾಣುತ್ತಿತ್ತು. "ಲೇ ಗಂಗಣ್ಣ, ನನ್ ಮಕ್ಳಾಣೆಗೂ ನಾನಲ್ಲ ಕಣ್ಲಾ."

"ನೋಡ್ಕಳಾನ ಬಾರ್ಲಾ. ಅರ್ಜಿ ರೆಡಿ ಆಗ್ತೈತೆ," ಎಂದ ಗಂಗಣ್ಣ, ಒಂದು ಕಾಯಿ ಕುಲುಕುತ್ತಾ.

ನಿಜಾಮುದ್ದೀನ್ ಬರೆದ. ಒಂದೂವರೆ ಅಂಗುಲ ಸಾಲದೆ ಕೊನೆಯ ಅಕ್ಷರ ಅಂಚಿಗೆ ಹೋಯಿತು. ಎದ್ದು ನಿಂತು, ತರಗತಿಯ ಕೊನೆಯ ಬೆಂಚಿಗೆ ಕೇಳಿಸುವ ದನಿಯಲ್ಲಿ ಓದಿದ: "ಸದರಿ ಬೆಳಕನ್ನು ಹಾಯಿಸಿದವರು, ವೆಂಕಟಯ್ಯನವರ ತಾರಸಿಯಲ್ಲಿ, ಅವರು ಇಲ್ಲದಿದ್ದಾಗ, ಅವರ ಟಾರ್ಚನ್ನು ಹಿಡಿದಿದ್ದ ನಿಜಾಮುದ್ದೀನ್ ಆದ ನಾನು."

ತಿಮ್ಮಕ್ಕನ ಕೈ ಹುಣಸೆಹಣ್ಣಿನಲ್ಲೇ ನಿಂತಿತು. ಗಂಗಣ್ಣ ಕೈಲಿದ್ದ ಕಾಯನ್ನು ಕುಲುಕುವುದು ಮರೆತು ಹಿಡಿದುಕೊಂಡೇ ಇದ್ದ. ನಿಜಾಮುದ್ದೀನ್ ಕಾದ. ಬೈಗುಳಕ್ಕೆ, ಏಟಿಗೆ, ಕೊನೆಗೆ ವೆಂಕಟಯ್ಯ ಗೊನೆಯನ್ನು ಅಲ್ಲೇ ಹಾಕಿ ಉಗುಳಿ ಹೋಗುವುದಕ್ಕೆ. ವೆಂಕಟಯ್ಯ ಮರ ಬಿಟ್ಟು ನೆಟ್ಟಗೆ ನಿಂತ. ಹಣೆ ಗಂಟಾಗಿತ್ತು. ಆರು ದಿನದ ಭಾರ ಇಳಿದ ಮುಖದ ಮೇಲೆ ಬೇರೆ ಏನೋ ನಿಧಾನವಾಗಿ ಹತ್ತುತ್ತಿತ್ತು.

"ತಡೀರಿ ಮೇಷ್ಟ್ರೇ, ತಡೀರಿ," ಎಂದ. "ಬ್ಯಾಟರಿ ವೀಕು, ಬೇಲೀನೂ ದಾಟಲ್ಲ ಅಂದ್ರಲ್ಲ ನೀವು?"

"ಸುಳ್ಳು ಹೇಳಿದೆ."

"ಹಂಗಾದ್ರೆ ನನ್ ಟಾರ್ಚು," ವೆಂಕಟಯ್ಯ ತಲೆಯೆತ್ತಿ ತನ್ನ ತಾರಸಿಯನ್ನು ನೋಡಿದ, ಅಲ್ಲಿಂದ ಬೇಲಿ, ಬೇಲಿಯಿಂದ ಗಂಗಣ್ಣನ ಎತ್ತರದ ಮರ, "ಅಲ್ಲಿಂದ ಅಲ್ಲಿಗಂಟ ಹೊಡೀತು ಅನ್ನಿ!"

ಗಂಗಣ್ಣನೂ ತಲೆಯೆತ್ತಿದ. ತಾರಸಿಯಿಂದ ಮರಕ್ಕೆ, ಮರದಿಂದ ತಾರಸಿಗೆ, ಇರುವ ಒಂದೂವರೆ ಕಣ್ಣಿನಿಂದ ಅಳೆದ. ಅವನ ದವಡೆ ಬಿಗಿಯಾಯಿತು. ಅಷ್ಟು ದೂರದ್ದು ತನ್ನ ಬಳಿ ಇಲ್ಲ ಎಂಬುದು ಅವನಿಗೆ ಈಗ ತಿಳಿದಂತಿತ್ತು.

"ಕರೆಕ್ಟಾಗಿ ಎಷ್ಟಾಗ್ಬೋದು ಮೇಷ್ಟ್ರೇ?" ಎಂದ ವೆಂಕಟಯ್ಯ.

ಇಬ್ಬರೂ ಅವನನ್ನೇ ನೋಡುತ್ತಿದ್ದರು. ಅವನ ಕೈಯಲ್ಲಿ ಅರ್ಜಿ ಇತ್ತು, ಅದನ್ನು ಯಾರೂ ಕೇಳಲಿಲ್ಲ. ಮೂರನೇ ದಿನ, ಕೋತಿ ನೋಡುವ ನೆಪದಲ್ಲಿ ಬೇಲಿಯ ಗುಂಟ ನಡೆದು ಹೆಜ್ಜೆ ಹಾಕಿ ಅಳೆದಿದ್ದ. ಶಬ್ದದ ಲೆಕ್ಕಕ್ಕೂ ಅದು ತಾಳೆಯಾಗಿತ್ತು. ಗೊತ್ತಿಲ್ಲ ಎಂದರೆ ಮುಗಿಯುತ್ತಿತ್ತು. ಗೊತ್ತಿಲ್ಲ ಎಂದು ಹೇಳಲು ಬಾಯಿ ತೆರೆದ.

"ನೂರ ಎಂಬತ್ತು ಮೀಟರ್," ಎಂದ. "ಎರಡು ಮೀಟರ್ ಹೆಚ್ಚು ಕಡಿಮೆ."

ಗಂಗಣ್ಣ ಕಾಯಿ ಕೆಳಗಿಟ್ಟು, ಅವನ ಕಡೆ ತಿರುಗಿ, ಅಂಗೈಯಿಂದ ಒಳ್ಳೆಯ ಕಣ್ಣನ್ನು ಮತ್ತೆ ಮುಚ್ಚಿಕೊಂಡ. "ಅದಕ್ಕಿಂತ ಒಂದು ನೂಲು ದೊಡ್ಡದು ಯಾವ್ದು? ಈಗ ಹೇಳಿ," ಎಂದ.